ಸಾಂಬಾರಿನ ಭಟ್ಟರನ್ನು ಬಿಟ್ಟುಕೊಟ್ಟದ್ದು

ಪ್ರಶ್ನೆ ಕೇಳುವುದಕ್ಕೂ ಸಂಬಳ ಕೊಡುತ್ತಾರೆ ಎಂಬುದು ನಮ್ಮ ಹೋಟೆಲಿನವರಿಗೆ ತಿಳಿದದ್ದು ಆ ಫೆಲೋಶಿಪ್ಪಿನವರು ಬಂದ ಮೇಲೆ. ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ತ್ರಿಪ್ಲಿಕೇನಿನಲ್ಲಿ, ದೇವಸ್ಥಾನದ ಕೆರೆಯಿಂದ ಸಮುದ್ರದ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ಹೋಟೆಲು. ಧಣಿಗಳು, ಅಡುಗೆಯವರು, ಬಡಿಸುವವರು ಎಲ್ಲರೂ ಕುಂದಾಪುರದ ಆಸುಪಾಸಿನವರು. ನಾನು ಬಡಿಸುವವರಲ್ಲಿ ಒಬ್ಬ. ಎಸ್ಸೆಸ್ಸೆಲ್ಸಿ ಪಾಸಾದವನು ಅಲ್ಲಿ ನಾನೊಬ್ಬನೇ. ಕಾಲೇಜಿಗೆ ಕಳಿಸಲು ಮನೆಯಲ್ಲಿ ಆಗಲಿಲ್ಲ, ಬಂದು ಬಕೆಟು ಹಿಡಿದೆ. ಇಲ್ಲಿ ಇರಬೇಕಾದವನಲ್ಲ ನಾನು ಎಂದು ದಿನವೂ ಅಂದುಕೊಳ್ಳುತ್ತಿದ್ದೆ.

ಆ ಫೆಲೋಶಿಪ್ಪಿನವರಿಗೆ ಹೆಚ್ಚುಕಡಿಮೆ ನನ್ನದೇ ವಯಸ್ಸು. ಅವರ ಅಜ್ಜನ ಕಾಲದಲ್ಲೇ ಬಳ್ಳಾರಿ ಕಡೆಯಿಂದ ಮದರಾಸಿಗೆ ಬಂದು ಬಟ್ಟೆ ವ್ಯಾಪಾರ ಹಿಡಿದ ಲಿಂಗಾಯತರ ಮನೆ. ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡಿದ್ದರು. ಊರು ಬಿಟ್ಟು ಮದರಾಸಿಗೆ ದುಡಿಯಲು ಬಂದವರ ಬಗ್ಗೆ ಸಂಶೋಧನೆ ಮಾಡಬೇಕು, ಅದಕ್ಕೆ ತಿಂಗಳು ತಿಂಗಳು ಇಷ್ಟು ಎಂದು ವೇತನ. ವರ್ಷ ಮುಗಿದ ಮೇಲೆ ಮಾಡಿದ ಕೆಲಸ ತೋರಿಸಿದರೆ ಇನ್ನೊಂದು ವರ್ಷಕ್ಕೆ ಮುಂದುವರಿಸುತ್ತಾರೆ. ಇಷ್ಟನ್ನು ಅವರೇ ನಮಗೆ ವಿವರಿಸಿ ಹೇಳಿದರು. ಅಡುಗೆಮನೆಯಲ್ಲಿ ಅದೇ ನಗೆಯ ಮಾತಾಯಿತು.

"ಪ್ರಶ್ನೆ ಕೇಳ್ದವ್ರಿಗೆ ಸಂಬಳ ಅಂಬ್ರಲೆ. ಉತ್ರ ಹೇಳ್ದವ್ರಿಗೆ ಎಂತ ಇಲ್ಯಾ?" ಎಂದು ದೋಸೆಯವನು ಕೇಳಿದ.

"ಇತ್ತಲ್ಲ, ಎಂಜಲು ಬಟ್ಲು," ಎಂದರು ಸಾಂಬಾರಿನ ಭಟ್ಟರು. "ನಾವ್ ತಿಳಿಸಾರು ಮಾಡ್ತ್, ಕಾಳ್ಸಾರು ಮಾಡ್ತ್. ಇದು ಪ್ರಶ್ನೆ ಸಾರು. ನೀವೇ ಬಡಿಸ್ಕಣಿ, ನಂಗ್ ಬ್ಯಾಡ."

ಅವತ್ತಿನಿಂದ ಅವರು ನಮಗೆಲ್ಲ ಪ್ರಶ್ನೆ ಸಾರ್ ಆದರು.

ನಮ್ಮ ಹೋಟೆಲುಗಳಲ್ಲಿ ತಂದೆತಾಯಿ ಇಟ್ಟ ಹೆಸರು ಉಳಿಯುವುದು ಕಡಿಮೆ. ಕೆಲಸವೇ ಹೆಸರು. ದೋಸೆಯವ, ಕಾಫಿಯವ, ರುಬ್ಬುವವ, ಗಲ್ಲಾದವರು. ಬೇರೆ ಬೀದಿಯ ಹೋಟೆಲಿನವರೂ ನಮ್ಮನ್ನು ಹಾಗೆಯೇ ಗುರುತಿಸುತ್ತಿದ್ದರು. ಸಾಂಬಾರಿನ ಭಟ್ಟರೆಂದರೆ ಮೈಲಾಪುರದವರೆಗೂ ಗೊತ್ತು. ಎತ್ತರದ ಆಳು, ನಲವತ್ತು ದಾಟಿದವರು, ಮದುವೆಯಾಗಿರಲಿಲ್ಲ. ದೇವರ ಗೂಡಿನ ನೈವೇದ್ಯವೂ ಅವರದೇ ಕೈಯದು. ನಾನು ಬಂದ ಮೊದಲ ವರ್ಷ ನನಗೆ ಸಿಡುಬು ಎದ್ದಾಗ ಉಳಿದವರು ಅಟ್ಟದ ಮೆಟ್ಟಿಲು ಹತ್ತಲಿಲ್ಲ. ಭಟ್ಟರು ದಿನವೂ ಗಂಜಿ ತಂದು ಪಕ್ಕದಲ್ಲಿ ಕೂತು ಕುಡಿಸಿದರು, ಬೇವಿನ ಸೊಪ್ಪಿನಿಂದ ಗಾಳಿ ಹಾಕಿದರು. ಅಲ್ಲಿಂದ ಮುಂದೆ ಮಧ್ಯಾಹ್ನದ ಬಿಡುವಿನಲ್ಲಿ ಮರೀನಾಕ್ಕೆ ಹೋದರೆ ಇಬ್ಬರೂ ಒಟ್ಟಿಗೆ.

ಅಂಥ ಒಂದು ದಿನ ಕಟ್ಟುಮರದವರು ಬಲೆ ಎಳೆಯುವುದನ್ನು ಭಟ್ಟರು ಬಹಳ ಹೊತ್ತು ನೋಡುತ್ತಾ ನಿಂತರು. ಕೊನೆಗೆ, "ನಮ್ಮಪ್ಪಯ್ಯನೂ ಹೀಂಗೇ ಎಳೀತಿದ್ದ," ಎಂದರು. ನಾನು ತಮಾಷೆ ಅಂದುಕೊಂಡೆ. ಅವರು ನಗಲಿಲ್ಲ. ನಮ್ಮ ಊರಿನ ಹೊಳೆ ಸಮುದ್ರ ಸೇರುವಲ್ಲಿ, ಆಚೆ ದಡದ ಮೀನುಗಾರರ ಮನೆಯ ಮಗ ಅವರು. ಹುಡುಗನಾಗಿದ್ದಾಗ ಕೊಯಮತ್ತೂರಿನ ಹೋಟೆಲೊಂದಕ್ಕೆ ಎಲೆ ಎತ್ತಲು ಸೇರಿದವರು. ಅಲ್ಲಿನ ಅಡುಗೆಯವರಿಗೆ ಕೈ ಸಾಲದೆ ಇವರನ್ನು ಒಳಗೆ ಕರೆದು ಎಲ್ಲ ಕಲಿಸಿದರಂತೆ.

"ಕೊಯಮತ್ತೂರಲ್ಲಿ ರೈಲ್ ಹತ್ತುವಾಗ ಎಂಜಲು ತೆಗೆವವ, ಮದ್ರಾಸಲ್ಲಿ ಇಳಿವಾಗ ಭಟ್ಟ. ಒಂದು ಜನಿವಾರ, ಅಷ್ಟೇ ಮಾಣಿ."

"ಯಾರಿಗೂ ಗೊತ್ತಿಲ್ಯಾ?"

"ಈಗ ನಿಂಗೊಬ್ಬಂಗೆ. ಹೇಳೂಕೊಂದು ಜನ ಬೇಕಿತ್ತ್ ಮಾರಾಯ."

ಹೋಟೆಲಿನ ಬೋರ್ಡಿನ ಮೇಲಿದ್ದ 'ಬ್ರಾಹ್ಮಣ' ಎಂಬ ಪದಕ್ಕೆ ಆ ಹೊತ್ತಿಗೆ ಬಣ್ಣ ಬಳಿದು ಆಗಿತ್ತು. ಮದರಾಸಿನಲ್ಲಿ ಅಂಥ ಬೋರ್ಡುಗಳ ವಿರುದ್ಧ ಚಳವಳಿ ಎದ್ದಿತ್ತು. ಆದರೆ ಬಣ್ಣ ಬೋರ್ಡಿಗೆ ಮಾತ್ರ. ಒಳಗೆ ಒಲೆಯ ಮುಂದೆ ಯಾರು ನಿಲ್ಲಬೇಕು, ಯಾರ ಪಂಕ್ತಿ ಮೊದಲು ಎಂಬುದು ಮುಂಚಿನ ಹಾಗೆಯೇ ನಡೆಯುತ್ತಿತ್ತು. ಗೊತ್ತಾದರೆ ಭಟ್ಟರಿಗೆ ನಮ್ಮಲ್ಲಿ ಮಾತ್ರವಲ್ಲ, ಮದರಾಸಿನ ನಮ್ಮವರ ಯಾವ ಹೋಟೆಲಿನ ಅಡುಗೆಮನೆಯಲ್ಲೂ ಜಾಗ ಇರುತ್ತಿರಲಿಲ್ಲ. ಅದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಪ್ರಶ್ನೆ ಸಾರ್ ಮಧ್ಯಾಹ್ನಗಳಲ್ಲಿ ಬರುತ್ತಿದ್ದರು. ಉಳಿದವರು ಎರಡು ಮಾತಾಡಿ ನಿದ್ದೆಗೆ ಹೋಗುತ್ತಿದ್ದರು, ನಾನು ತಾರಸಿಯ ನೆರಳಲ್ಲಿ ಅವರೊಡನೆ ಕೂರುತ್ತಿದ್ದೆ. ಅವರು ನನ್ನನ್ನು ಬಹುವಚನದಲ್ಲಿ ಕರೆಯುತ್ತಿದ್ದರು. ಮದರಾಸಿನಲ್ಲಿ ನನ್ನನ್ನು 'ನೀವು' ಎಂದ ಮೊದಲ ಓದಿದ ಮನುಷ್ಯ ಅವರು. "ನೀವು ನನ್ನ ಅಸಿಸ್ಟೆಂಟ್ ಮಾದಿರಿ," ಎಂದು ಒಂದು ದಿನ ಹೇಳಿದರು. ಮುಂದಿನ ವರ್ಷ ಫೆಲೋಶಿಪ್ ಮುಂದುವರಿದರೆ ಅವರ ಪ್ರೊಫೆಸರು ದೊಡ್ಡ ಸರ್ವೇ ಮಾಡಿಸುತ್ತಾರಂತೆ, ಮನೆಮನೆಗೆ ಹೋಗಿ ಮಾಹಿತಿ ಕೇಳಿ ಬರುವವರು ಬೇಕಾಗುತ್ತಾರಂತೆ. "ಎಸ್ಸೆಸ್ಸೆಲ್ಸಿ ಪೋದುಮ್, ಸಾಕು. ನಾನು ಪ್ರೊಫೆಸರ್ ಹತ್ತಿರ ಮಾತಾಡ್ತೀನಿ."

ಆ ಒಂದು ಮಾತನ್ನು ನಾನು ಕೆಲಸವೇ ಸಿಕ್ಕಿದ ಹಾಗೆ ಹಿಡಿದುಕೊಂಡೆ. ಬಕೆಟು ಹಿಡಿದು ಪಂಕ್ತಿಯಲ್ಲಿ ನಡೆಯುವಾಗ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಜನರ ಮನೆ ಬಾಗಿಲಲ್ಲಿ ನಿಂತು ಪ್ರಶ್ನೆ ಕೇಳುವ ನನ್ನನ್ನೇ ಕಾಣುತ್ತಿದ್ದೆ. ಭಟ್ಟರಿಗೂ ಹೇಳಿದ್ದೆ. "ಹೋಗ್ ಮಾಣಿ. ಈ ಹೊಗೇಲಿ ನೀ ಇಪ್ಪುದ್ ಬ್ಯಾಡ," ಎಂದಿದ್ದರು.

ಆದರೆ ಹೇಳಲು ನನ್ನ ಹತ್ತಿರ ಇದ್ದದ್ದು ಬೇಗ ಮುಗಿಯಿತು. ಎಷ್ಟು ಹೊತ್ತಿಗೆ ಏಳುತ್ತೀರಿ, ಊರಿಗೆ ಯಾವಾಗ ಹೋಗುತ್ತೀರಿ, ಯಾರು ಕರೆತಂದರು. ಇವೆಲ್ಲ ಬೇರೆ ಹೋಟೆಲುಗಳಲ್ಲೂ ಅವರಿಗೆ ಸಿಕ್ಕಿದ್ದವು. ನಾನು ಮಾತಾಡುತ್ತಿರುವಾಗಲೇ ಅವರು ಪೆನ್ನಿಗೆ ಮುಚ್ಚಳ ಹಾಕತೊಡಗಿದರು. ಒಂದು ಮಧ್ಯಾಹ್ನ ಗಡಿಯಾರ ನೋಡಿಕೊಂಡು, "ಸರಿ, ಇಲ್ಲಿ ಮುಗೀತು ಅನ್ಕೋತೀನಿ. ನಾಳೆಯಿಂದ ಎಗ್ಮೋರ್ ಕಡೆ ಹೋಗ್ತೀನಿ," ಎಂದರು.

ಅವರು ಎದ್ದು ಹೋದರೆ ನನ್ನ ಕೆಲಸವೂ ಎದ್ದು ಹೋಗುತ್ತದೆ ಎನಿಸಿತು. "ಇನ್ನೊಂದು ವಿಷಯ ಇದೆ ಸಾರ್, ಆದರೆ ಯಾರಿಗೂ ಹೇಳಬಾರದು," ಎಂದೆ.

"ನಾನು ಯಾರ ಹೆಸರೂ ಹಾಕೋದಿಲ್ಲ. ಸತ್ಯಮಾ. ನಮ್ಮ ಶಾಸ್ತ್ರದಲ್ಲಿ ಅದೇ ಮೊದಲನೇ ನಿಯಮ."

ನಾನು ಎಲ್ಲ ಹೇಳಿದೆ. ಹೊಳೆಯ ಆಚೆ ದಡ, ಕೊಯಮತ್ತೂರು, ರೈಲು. ಸುಮ್ಮನೆ ಅಷ್ಟಕ್ಕೆ ನಿಲ್ಲಿಸಲಿಲ್ಲ. ಪೆನ್ನು ಓಡುತ್ತಿರುವುದು ಕಂಡು ಉತ್ಸಾಹ ಬಂತು. ಜನಿವಾರ ಬದಲಿಸುವ ನೂಲಹುಣ್ಣಿಮೆಯ ದಿನ ನಾವೆಲ್ಲ ಸಮುದ್ರಸ್ನಾನಕ್ಕೆ ಹೋದರೆ ಭಟ್ಟರು ಮಾತ್ರ, ಒಲೆಯ ಮೇಲಿನ ಕೊಳಗ ಕಾಯಲು ಒಬ್ಬ ಬೇಕಲ್ಲ ಎಂದು ಪ್ರತಿ ವರ್ಷವೂ ಹಿಂದೆ ಉಳಿಯುತ್ತಾರೆ ಎಂಬುದನ್ನೂ ಹೇಳಿದೆ. ಹೆಸರು ಹಾಕುವುದಿಲ್ಲ ಎಂದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ಪ್ರಶ್ನೆ ಸಾರ್ ನಂಬಿದ್ದರು. ನಮ್ಮಲ್ಲಿ ಹೆಸರಿನಿಂದ ಯಾರನ್ನೂ ಗುರುತಿಸುವುದೇ ಇಲ್ಲ ಎಂಬುದು ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಗೊತ್ತಿದ್ದೂ ಆ ನಿಯಮವನ್ನು ನಂಬಿದವನ ಹಾಗೆ ತಲೆಯಾಡಿಸಿದೆ.

ಕೆಲವು ತಿಂಗಳ ಮೇಲೆ ಕನ್ನಡಿಗರ ಸಂಘದವರು ಪ್ರಶ್ನೆ ಸಾರಿಗೆ ಸನ್ಮಾನ ಇಟ್ಟುಕೊಂಡರು. ನಮ್ಮವರ ಹುಡುಗನೊಬ್ಬನಿಗೆ ಇಂಥ ಫೆಲೋಶಿಪ್ ಸಿಕ್ಕಿದೆ, ಅದೂ ನಮ್ಮ ಬಗ್ಗೆಯೇ ಸಂಶೋಧನೆ ಎಂದು ಎಲ್ಲರಿಗೂ ಹೆಮ್ಮೆ. ನಮ್ಮ ಧಣಿಗಳೇ ಅಧ್ಯಕ್ಷರು. ಭಾನುವಾರ ಬೆಳಿಗ್ಗೆ ಸಭೆ, ಆಮೇಲೆ ಊಟ. ಊಟ ನಮ್ಮ ಹೋಟೆಲಿನದು. ಭಟ್ಟರು ಕೈಗಾಡಿಯಲ್ಲಿ ಕೊಳಗಗಳನ್ನು ಹೇರಿಸಿಕೊಂಡು ಬಂದು, ಇಳಿಸಿ, ಸಭಾಂಗಣದ ಹಿಂದಿನ ಬಾಗಿಲಲ್ಲಿ ಬೈರಾಸದಿಂದ ಮುಖ ಒರೆಸಿಕೊಳ್ಳುತ್ತಾ ನಿಂತಿದ್ದರು. ಮುಂದಿನ ಸಾಲುಗಳ ತುಂಬ ಹೋಟೆಲು ಧಣಿಗಳು, ಅವರ ಹೆಂಡಂದಿರು.

ಪ್ರಶ್ನೆ ಸಾರ್ ಚೆನ್ನಾಗಿ ಮಾತಾಡಿದರು. ಊರು ಬಿಟ್ಟು ಬಂದವರ ಕಷ್ಟ, ಶಿಸ್ತು, ಒಗ್ಗಟ್ಟು. ಚಪ್ಪಾಳೆ ಬಿತ್ತು. ಆಮೇಲೆ ದನಿ ಇಳಿಸಿ, ತಮಗೆ ಎಲ್ಲಕ್ಕಿಂತ ಮೆಚ್ಚಿಗೆಯಾದ ಒಂದು ಉದಾಹರಣೆ ಹೇಳುತ್ತೇನೆ ಎಂದರು. "ಹೆಸರು ಬೇಡ. ಒಂದು ಹೋಟೆಲಿನಲ್ಲಿ ಒಬ್ಬ ಹಿರಿಯ ಅಡುಗೆಯವರು. ನೂಲಹುಣ್ಣಿಮೆಯ ದಿನ ಎಲ್ಲರೂ ಸಮುದ್ರಕ್ಕೆ ಹೋದರೆ ಅವರೊಬ್ಬರು ಕೊಳಗ ಕಾಯಲು ನಿಲ್ಲುತ್ತಾರೆ. ಯಾಕೆ ಗೊತ್ತಾ? ಅವರು ಹುಟ್ಟಿದ್ದು ಮೀನು ಹಿಡಿಯುವವರ ಮನೆಯಲ್ಲಿ. ಇಷ್ಟು ವರ್ಷ ಇಷ್ಟು ಸಾವಿರ ಜನ ಅವರ ಕೈಯಡುಗೆ ಉಂಡು ಹೊಗಳಿದ್ದಾರೆ. ಇದು ನಮ್ಮ ಸಮಾಜ ಬದಲಾಗ್ತಾ ಇರೋದರ ಗುರುತು ಅಲ್ಲವಾ?"

ಚಪ್ಪಾಳೆಗೆ ಕಾದು ನಿಂತರು. ಒಬ್ಬರೂ ಕೈ ತಟ್ಟಲಿಲ್ಲ. ಮುಂದಿನ ಸಾಲಿನಲ್ಲಿ ಒಂದು ತಲೆ ಹಿಂದಕ್ಕೆ ತಿರುಗಿತು, ಆಮೇಲೆ ಇನ್ನೊಂದು, ಆಮೇಲೆ ಸಾಲಿಗೆ ಸಾಲೇ. ಭಟ್ಟರು ಬೈರಾಸವನ್ನು ಹೆಗಲಿಗೆ ಹಾಕಿಕೊಂಡು ನನ್ನ ಕಡೆ ನೋಡಿದರು. ನಾನು ಎಲೆ ಎಣಿಸುವವನ ಹಾಗೆ ಬಗ್ಗಿದೆ.

ಊಟ ನಡೆಯಿತು. ಊಟಕ್ಕೆ ಕರೆದ ಮೇಲೆ ಜನರನ್ನು ಎಬ್ಬಿಸಿ ಕಳಿಸುವಂತಿರಲಿಲ್ಲ. ಕೆಲವರು ಕೆಲಸವಿದೆ ಎಂದು ಹೋದರು, ಉಳಿದವರು ಕೂತರು. ಸಾಂಬಾರಿನ ಬಕೆಟು ನನ್ನ ಕೈಯಲ್ಲಿತ್ತು. ಪಂಕ್ತಿಯಲ್ಲಿ ನಡೆದೆ. ಒಬ್ಬೊಬ್ಬರೂ ಎಲೆಯ ಮೇಲೆ ಕೈ ಅಡ್ಡ ಹಿಡಿದರು.

"ಬೇಡ."

"ಸಾಂಬಾರು ಬೇಡಪ್ಪ, ಮಜ್ಜಿಗೆ ಇದ್ಯಾ?"

"ಮುಂದೆ ಹೋಗು."

ಹಪ್ಪಳ, ಮೊಸರು, ಬಾಳೆಹಣ್ಣು ತಿಂದರು. ಪಂಕ್ತಿಯ ತುದಿಯಲ್ಲಿ ಪ್ರಶ್ನೆ ಸಾರ್ ಕೂತಿದ್ದರು. ಅವರಿಗೆ ಇನ್ನೂ ಏನೂ ಗೊತ್ತಾಗಿರಲಿಲ್ಲ. "ಹಾಕಿ, ಹಾಕಿ. ನಿಮ್ಮ ಸಾಂಬಾರಿಗೋಸ್ಕರವೇ ಬೆಳಿಗ್ಗೆ ಟಿಫನ್ ಬಿಟ್ಟು ಬಂದಿದ್ದೀನಿ," ಎಂದು ಎರಡು ಸಲ ಹಾಕಿಸಿಕೊಂಡರು.

ಹೋಟೆಲಿಗೆ ಮರಳಿದ ಮೇಲೆ ಧಣಿಗಳು ಬಾಗಿಲು ಎಳೆಸಿ ಭಟ್ಟರನ್ನು ಕರೆದರು. ಅವರು ಕೆಟ್ಟವರಲ್ಲ. ಕೂಗಾಡಲಿಲ್ಲ. ಉಳಿದ ಧಣಿಗಳ ಎದುರು ತಲೆ ತಗ್ಗಿಸಿದ ಸಂಕಟ ಮುಖದಲ್ಲಿತ್ತು.

"ಹೌದಾ?" ಎಂದರು.

"ಹೌದು," ಎಂದರು ಭಟ್ಟರು.

"ಇಷ್ಟು ವರ್ಷ ನಮ್ಮ ದೇವ್ರಿಗೆ ನೈವೇದ್ಯ ಮಾಡ್ದೆ ನೀನು."

"ದೇವ್ರು ಎಂತದೂ ಹೇಳ್ಲಿಲ್ಲ ಅಲ್ದಾ ಧಣಿ."

ಯಾರೋ ಹಿಂದೆ ನಕ್ಕು ತಡೆದುಕೊಂಡರು. ಧಣಿಗಳು ನನ್ನ ಕಡೆ ತಿರುಗಿದರು. "ನೀವಿಬ್ರೂ ಯಾವಾಗ್ಲೂ ಜೊತೆ. ಒಟ್ಟಿಗೇ ತಿರುಗೂದು. ನಿಂಗ್ ಗೊತ್ತಿಲ್ದೆ ಇಪ್ಪುಕ್ ಸಾಧ್ಯವಾ? ಆ ಹುಡುಗಂಗೆ ಹೇಳದ್ ಯಾರು?"

ಭಟ್ಟರು ಅಲ್ಲೇ ಇದ್ದರು, ಕೈಗೆ ಎಟಕುವಷ್ಟು ಹತ್ತಿರ. ನಾನು, "ನಂಗೆಂತ ಗೊತ್ತಿಲ್ಲ ಧಣಿ. ನಂಗೂ ಮೋಸವೇ ಆದ್ದು," ಎಂದೆ.

ಭಟ್ಟರು ಒಂದು ಮಾತು ಹೇಳಿದ್ದರೆ ನಾನೂ ಅವರ ಹಿಂದೆಯೇ ಬೀದಿಗೆ ಬೀಳುತ್ತಿದ್ದೆ. ಅವರು ಹೇಳಲಿಲ್ಲ. ಅಟ್ಟಕ್ಕೆ ಹೋಗಿ ಟ್ರಂಕು ತಂದು, ಇಳಿಬಿಸಿಲಿನಲ್ಲಿ ಕೆರೆಯ ಕಡೆ ನಡೆದು ಹೋದರು. ಧಣಿಗಳು ಪುರೋಹಿತರನ್ನು ಕರೆಸಿ ಅಡುಗೆಮನೆ ಶುದ್ಧ ಮಾಡಿಸಿದರು, ಪಾತ್ರೆಗಳನ್ನೆಲ್ಲ ಬದಲಿಸಿದರು. ನಂಬಿಕೆಯ ಆಳು ಎಂದು ನನ್ನನ್ನು ಕೆಲವೇ ದಿನಗಳಲ್ಲಿ ಗಲ್ಲಾದ ಮೇಲೆ ಕೂರಿಸಿದರು. ನನ್ನ ಹೆಸರು ಗಲ್ಲಾದವರು ಎಂದಾಯಿತು.

ಪ್ರಶ್ನೆ ಸಾರಿಗೆ ವಿಷಯ ತಿಳಿಯಲು ಒಂದು ವಾರ ಹಿಡಿಯಿತೋ ಏನೋ. ಟಿಫನ್ ಹೊತ್ತಿನಲ್ಲಿ, ಹೋಟೆಲು ತುಂಬಿರುವಾಗ ಬಂದು ಗಲ್ಲಾದ ಮುಂದೆ ನಿಂತರು. ಮುಖ ಬಿಳುಚಿತ್ತು. "ನಾನು ಹೊಗಳಿಯೇ ಹೇಳಿದೆ. ಹೆಸರು ಒಂದೂ ಹೇಳಲಿಲ್ಲವಲ್ಲ," ಎಂದರು.

ದೋಸೆಯವನು, ಕಾಫಿಯವನು ಎಲ್ಲರೂ ಒಳಗಿನಿಂದ ನೋಡುತ್ತಿದ್ದರು. ನಾನು ಎಲ್ಲರಿಗೂ ಕೇಳುವಂತೆ ಬೈದೆ. "ಅನ್ನ ಹಾಕಿದ ಮನೆಗೆ ಕೊಳ್ಳಿ ಇಟ್ಟಿರಿ. ಬಡವರ ಬಾಯಿಂದ ಮಾತು ಕದ್ದು ನಿಮ್ಮ ವೇತನ ಮುಂದುವರಿಸಿಕೊಂಡಿರಿ. ಓದಿದವರನ್ನು ನಂಬಿದ್ದು ನಮ್ಮ ತಪ್ಪು." ಇನ್ನೂ ಏನೇನೋ. ಒಳಗಿನಿಂದ "ಹಾಂಗ್ ಹೇಳ್" ಎಂದು ಒಬ್ಬ ಹುರಿದುಂಬಿಸಿದ. ಅವರು ತಲೆ ಬಗ್ಗಿಸಿ ಕೇಳಿಸಿಕೊಂಡರು. ಈ ಮಾತು ನನಗೆ ಹೇಳಿದ್ದು ನೀವೇ ಅಲ್ಲವೇ ಎಂದು ಅವರು ಆಗಲೂ ಅನ್ನಲಿಲ್ಲ, ಆಮೇಲೆ ಧಣಿಗಳು ಕೇಳಿದಾಗಲೂ ಹೇಳಲಿಲ್ಲವಂತೆ. ಹೆಸರು ಹೇಳುವುದಿಲ್ಲ ಎಂಬ ನಿಯಮವನ್ನು ನನ್ನ ಮಟ್ಟಿಗೆ ಅವರು ಪೂರ್ತಿ ಪಾಲಿಸಿದರು.

ಹೊರಗೆ ವೀಳ್ಯದಂಗಡಿಯ ಹತ್ತಿರ ಕಾದಿದ್ದು, ನಾನು ಇಳಿದು ಬಂದಾಗ ಎರಡು ವಿಷಯ ಹೇಳಿದರು. ಸರ್ವೇಗೆ ಪ್ರೊಫೆಸರು ಪದವೀಧರರನ್ನು ಮಾತ್ರ ತೆಗೆದುಕೊಳ್ಳುತ್ತಾರಂತೆ. "ನಾನು ಕೇಳಿದೆ. ಆಗಲಿಲ್ಲ. ಮನ್ನಿಸಬೇಕು." ಇನ್ನೊಂದು: ಅವರು ಓದಿದ ಕಾಲೇಜಿನ ಹಾಸ್ಟೆಲಿಗೆ ಅಡುಗೆಯವರು ಬೇಕಾಗಿದ್ದಾರೆ, ಜಾತಿ ಯಾರೂ ಕೇಳುವುದಿಲ್ಲ, ಇರಲು ಕೋಣೆಯೂ ಉಂಟು, ವಾರ್ಡನ್ ಹತ್ತಿರ ಆಗಲೇ ಮಾತಾಡಿ ಆಗಿದೆ. "ಅವರು ಎಲ್ಲಿದ್ದಾರೆ ಹೇಳಿ. ಕಾಲು ಹಿಡಿದಾದರೂ ಕರಕೊಂಡು ಹೋಗ್ತೀನಿ."

ಭಟ್ಟರು ಎಗ್ಮೋರಿನಲ್ಲಿ ಸ್ಟೇಷನ್ನಿನ ಹಿಂದಿನ ಒಂದು ಲಾಡ್ಜಿನಲ್ಲಿ ತರಕಾರಿ ಹೆಚ್ಚುವ ಕೆಲಸಕ್ಕೆ ಇದ್ದಾರೆಂದು ಹಾಲಿನವನು ನನಗೆ ಹೇಳಿದ್ದ. ಆದರೆ ಆ ಹೊತ್ತಿಗೆ ನನ್ನ ಕಿವಿಯಲ್ಲಿ ಇದ್ದದ್ದು ಮೊದಲನೆಯ ವಿಷಯ ಮಾತ್ರ. ನನಗೆ ಕೊಟ್ಟ ಮಾತು ಹೋಯಿತು, ಭಟ್ಟರಿಗೆ ಹಾಸ್ಟೆಲು. ಬಾಯಿ ಬಿಟ್ಟವನು ನಾನು, ಅವರು ಕಾಲು ಹಿಡಿಯುವುದು ಇನ್ನೊಬ್ಬರದು. ಈ ಮನುಷ್ಯ ನನಗೆ ಮೋಸ ಮಾಡಿದವನು, ಮೋಸ ಮಾಡಿದವನಾಗಿಯೇ ಇರಲಿ, ಒಳ್ಳೆಯದು ಮಾಡಿ ಕೈ ತೊಳೆದುಕೊಳ್ಳುವುದು ಬೇಡ ಎನಿಸಿತು.

"ಊರಿಗೆ ಹೋದರು," ಎಂದೆ. "ಇನ್ನು ಬರೋದಿಲ್ಲ."

ಅವರು ತಿರುಗಿ ಹೋದರು. ಮತ್ತೆ ಅವರನ್ನು ನಾನು ಕಾಣಲಿಲ್ಲ.

ಅವತ್ತಿನಿಂದ ಎಷ್ಟೋ ವರ್ಷ ನಾನು ಈ ಕಥೆಯನ್ನು ಹೇಳಿದ್ದೇನೆ. ಅರವತ್ತರ ದಶಕದಲ್ಲಿ ಕಾಲೇಜು ಹುಡುಗರು ಇಂಥದೇ ವೇತನ ಹಿಡಿದು ಪ್ರಶ್ನೆ ಕೇಳಲು ಬಂದಾಗ ಗಲ್ಲಾದಿಂದಲೇ ಓಡಿಸುತ್ತಿದ್ದೆ. ಯಾಕೆಂದು ಕೇಳಿದವರಿಗೆ, ನಂಬಿ ಕೆಟ್ಟವರು ನಾವು ಎಂದು ಇದನ್ನೇ ಹೇಳುತ್ತಿದ್ದೆ. ಹೆಂಡತಿಗೆ, ಮಕ್ಕಳಿಗೆ ಹೇಳಿದ್ದೂ ಇದೇ. ಆ ಕಥೆಯಲ್ಲಿ ನಾನು ಬರೀ ಸಾಂಬಾರು ಬಡಿಸಿದವನು. ಮೋಸ ಹೋದೆ ಎಂದುಕೊಳ್ಳುವುದರಲ್ಲಿ ಒಂದು ಸುಖ ಇದೆ, ಅದನ್ನು ಬಿಡಲು ನನಗೆ ಇಷ್ಟು ವಯಸ್ಸಾಗಬೇಕಾಯಿತು.

ಎಗ್ಮೋರಿಗೆ ನಾನು ಒಮ್ಮೆ ಹೋದದ್ದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ಧಣಿಗಳ ನೆಂಟರನ್ನು ರೈಲು ಹತ್ತಿಸಲು ಹೋದವನು, ಕಾಲು ತಾನಾಗಿ ಆ ಕಡೆ ಎಳೆದು, ಲಾಡ್ಜಿನ ಹಿತ್ತಲಿಗೆ ಹೋದೆ. ಭಟ್ಟರು ನೆಲದ ಮೇಲೆ ಕೂತು ಕುಂಬಳಕಾಯಿ ಹೆಚ್ಚುತ್ತಿದ್ದರು. ಮೈ ಇಳಿದಿತ್ತು. ನನ್ನನ್ನು ಕಂಡು ಬೈಯುತ್ತಾರೆ ಎಂದು ಕಾದೆ.

"ಹ್ವಾಯ್, ಗಲ್ಲಾದವ್ರು," ಎಂದರು. "ಕೂಕಣಿ. ಕಾಫಿ ಕುಡೀತ್ರ್ಯಾ? ಇಲ್ಲಿದು ಬರೀ ಬಣ್ಣದ ನೀರು, ಮೊದ್ಲೇ ಹೇಳ್ತೆ."

ಮಾಣಿ ಎನ್ನುತ್ತಿದ್ದವರು ಬಹುವಚನಕ್ಕೆ ಹೋಗಿದ್ದರು. ಕಾಫಿ ತರಿಸಿದರು. ನಾನು ಕುಡಿದೆ. ಅವರು ಹೆಚ್ಚುವುದನ್ನು ನಿಲ್ಲಿಸದೆ ಕೇಳಿದರು: "ಆ ಸರ್ವೇ ಕೆಲ್ಸ ಸಿಕ್ತಾ?"

ಅವರ ಗುಟ್ಟನ್ನು ನಾನು ಯಾತಕ್ಕಾಗಿ ಹೇಳಿದೆ ಎಂಬುದೂ ಅವರಿಗೆ ಗೊತ್ತಿತ್ತು. "ಇಲ್ಲ," ಎಂದೆ.

"ಛೆ," ಎಂದರು. ಅದರಲ್ಲಿ ಕುಹಕ ಇರಲಿಲ್ಲ. ಆಮೇಲೆ, "ಆ ಪ್ರಶ್ನೆ ಸಾರು ನನ್ನ ಕೇಂಡ್ಕಂಡ್ ಬಂದಿದ್ರ್ ಅಂದ್ಹೇಳಿ ಯಾರೋ ಅಂದ್ರ್. ಹೌದಾ?"

ಕಾಲೇಜು ಹಾಸ್ಟೆಲಿನ ಹೆಸರು ನಾಲಗೆಯ ತುದಿಯಲ್ಲಿತ್ತು. ಹೇಳಿದರೆ ಅವರು ಅದೇ ಸಂಜೆ ಟ್ರಂಕು ಎತ್ತಿಕೊಂಡು ಹೋಗಬಹುದಿತ್ತು, ಮತ್ತೆ ಒಲೆಯ ಮುಂದೆ ನಿಲ್ಲಬಹುದಿತ್ತು. ಆದರೆ ಊರಿಗೆ ಹೋದರು ಎಂದು ನಾನು ಹೇಳಿದ್ದೂ ಆಗ ಹೊರಬೀಳುತ್ತಿತ್ತು.

"ಇಲ್ಲ, ಬರ್ಲಿಲ್ಲ," ಎಂದೆ.

ಅವರು ಚಾಕು ಕೆಳಗಿಟ್ಟು ನನ್ನನ್ನು ನೋಡಿದರು. ಆಮೇಲೆ ಹೆಚ್ಚಿದ ಹೋಳುಗಳನ್ನು ಎರಡೂ ಕೈಯಲ್ಲಿ ಬಾಚಿ ಬುಟ್ಟಿಗೆ ತುಂಬಿ, "ಹೊತ್ತಾಯ್ತ್, ನೀವ್ ಹೊರಡಿ," ಎಂದು ಎದ್ದು ಒಳಗೆ ಹೋದರು. ನಾನು ಕಾಫಿಯ ಲೋಟವನ್ನು ನಲ್ಲಿಯಲ್ಲಿ ತೊಳೆದು, ಕವುಚಿಟ್ಟು, ಬಸ್ಸು ಹತ್ತಿ ಬಂದೆ.